ದೂರದ ಓಟಕ್ಕೆ ಮೈ, ಮನ ಮತ್ತು ಹಾಡು



ಭೂಸನೂರಿನ ಕಡೆ ನಸುಕಿನಲ್ಲಿ ರಸ್ತೆಗೆ ಇಳಿದವರಿಗೆ ಈ ನೋಟ ಹೊಸದಲ್ಲ. ಕಬ್ಬಿನ ಹೊಲಗಳ ನಡುವಿನ ದಾರಿಯಲ್ಲಿ ಇಬ್ಬರೋ ಮೂವರೋ ಹುಡುಗರು ಏದುಸಿರು ಬಿಡುತ್ತಾ ಓಡುತ್ತಿರುತ್ತಾರೆ. ಪೊಲೀಸ್ ಭರ್ತಿಗೋ ಸೈನ್ಯದ ಭರ್ತಿಗೋ ತಯಾರಿ. ಎದುರಿಗೆ ಬರುವ ಹಿರಿಯರು, "ಯಾಕ್ರೋ ತಮ್ಮಾ, ಯಾರು ಬೆನ್ನು ಹತ್ಯಾರ?" ಎಂದು ಕೇಳಿ ನಗುತ್ತಾರೆ. ಹುಡುಗರೂ ನಕ್ಕು ಮುಂದೆ ಹೋಗುತ್ತಾರೆ.

ಭರ್ತಿಯ ಓಟ ಒಂದೂವರೆ ಕಿಲೋಮೀಟರಿನ ಆಸುಪಾಸಿನದು. ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ. ನಾವು ಇಂದು ಮಾತನಾಡಲಿರುವುದು ಅದಕ್ಕಿಂತ ಬಹಳ ದೂರದ ಓಟದ ಬಗ್ಗೆ, ಅಂದರೆ 42 ಕಿಲೋಮೀಟರ್ 195 ಮೀಟರ್‌ನ ಮ್ಯಾರಥಾನ್ ಬಗ್ಗೆ. ಎಷ್ಟು ದೂರವೆಂದು ಅಂದಾಜು ಬೇಕಿದ್ದರೆ ಆಳಂದದಲ್ಲಿ ಬಸ್ ಹತ್ತಿ ಕಲಬುರಗಿಯಲ್ಲಿ ಇಳಿಯಿರಿ. ಹೆಚ್ಚುಕಡಿಮೆ ಅಷ್ಟೇ ದಾರಿ. ಅದನ್ನು ಕಾಲಿನಲ್ಲಿ, ಓಡುತ್ತಾ ಮುಗಿಸಬೇಕು.

ಇದು ಕುಟುಂಬದ ಪುಟಕ್ಕೆ ಹೊಂದುವ ವಿಷಯವೇ ಎಂದು ನೀವು ಕೇಳಬಹುದು. ಖಂಡಿತ ಹೊಂದುತ್ತದೆ. ಮನೆಯಲ್ಲಿ ಒಬ್ಬರು ನಾಲ್ಕು ತಿಂಗಳು ನಸುಕಿಗೆ ಎದ್ದು ಓಡಬೇಕಾದರೆ ಮಿಕ್ಕವರ ನಿದ್ದೆ, ಅಡುಗೆ, ಭಾನುವಾರ ಎಲ್ಲವೂ ಬದಲಾಗುತ್ತವೆ. ಇನ್ನು ಓಟದ ಮಾತು ನಮ್ಮ ಧರ್ಮಗ್ರಂಥಕ್ಕೂ ಹೊರಗಿನದಲ್ಲ. ಸಂತ ಪೌಲರು ಕೊರಿಂಥಿಯರಿಗೆ ಬರೆದ ಮೊದಲನೆಯ ಪತ್ರದ 9ನೆಯ ಅಧ್ಯಾಯವನ್ನು ತೆರೆದು ನೋಡಿ. ಗುರಿಯಿಲ್ಲದೆ ಓಡುವವನಂತೆ ತಾನು ಓಡುವುದಿಲ್ಲ, ದೇಹವನ್ನು ಹದದಲ್ಲಿಡುತ್ತೇನೆ ಎನ್ನುವ ಅರ್ಥದ ಮಾತು ಅಲ್ಲಿದೆ. ಕೊರಿಂಥದ ಬಳಿಯಲ್ಲೇ ಎರಡು ವರ್ಷಕ್ಕೊಮ್ಮೆ ಇಸ್ತ್ಮಿಯದ ಕ್ರೀಡೆಗಳು ನಡೆಯುತ್ತಿದ್ದವು. ಗೆದ್ದವನ ತಲೆಗೆ ಎಲೆಯ ಕಿರೀಟ. ಪೌಲರು ಆ ಊರಿನಲ್ಲಿ ಒಂದೂವರೆ ವರ್ಷ ಇದ್ದವರು. ಓಟಗಾರರ ಕಟ್ಟುನಿಟ್ಟಿನ ಅಭ್ಯಾಸ ಏನೆಂದು ಓದುಗರಿಗೆ ಬಿಡಿಸಿ ಹೇಳುವ ಅಗತ್ಯ ಅವರಿಗಿರಲಿಲ್ಲ.

ಆದರೆ ಪೌಲರ ಕಾಲದಲ್ಲಿ ಮ್ಯಾರಥಾನ್ ಇರಲಿಲ್ಲ. ಗ್ರೀಕರ ಅತಿ ಉದ್ದದ ಸ್ಪರ್ಧೆಯೂ ಐದು ಕಿಲೋಮೀಟರಿನೊಳಗಿನದು. ಮ್ಯಾರಥಾನ್ ಯುದ್ಧದ ಗೆಲುವಿನ ಸುದ್ದಿ ಹೊತ್ತು ಅಥೆನ್ಸಿಗೆ ಓಡಿಬಂದು ಸತ್ತ ದೂತನ ಕಥೆಯನ್ನು ಬಹಳ ಕಾಲದ ನಂತರದ ಲೇಖಕರು ಬರೆದರು. 1896ರಲ್ಲಿ ಅಥೆನ್ಸಿನಲ್ಲಿ ಮೊದಲ ಆಧುನಿಕ ಒಲಿಂಪಿಕ್ಸ್ ನಡೆದಾಗ ಆ ಕಥೆಯ ನೆನಪಿಗೆ ಈ ಓಟವನ್ನು ಸೇರಿಸಿದರು. ಗ್ರೀಸಿನ ಸ್ಪಿರಿಡಾನ್ ಲೂಯಿಸ್ ಗೆದ್ದ. ಈಗಿನ ಅಳತೆ 1908ರ ಲಂಡನ್ ಒಲಿಂಪಿಕ್ಸಿನದು. ಅದೇ ಕಾಯಂ ಆದದ್ದು 1921ರಲ್ಲಿ.

ನಮ್ಮ ನಾಡಿನವನೊಬ್ಬ

ಮ್ಯಾರಥಾನ್ ಎಂದರೆ ಈಗಿನ ಪಟ್ಟಣದವರ ಶೋಕಿ ಎಂಬ ಭಾವನೆ ಹಲವರಲ್ಲಿದೆ. ಬೆಲೆಬಾಳುವ ಬೂಟು, ಕೈಗೆ ಗಡಿಯಾರ, ಕಿವಿಗೆ ಇಯರ್‌ಫೋನ್ ನೋಡಿದರೆ ಹಾಗೆ ಅನ್ನಿಸುವುದು ಸಹಜ. ಆದರೆ ಭಾರತದಿಂದ ಒಲಿಂಪಿಕ್ಸ್ ಮ್ಯಾರಥಾನ್ ಓಡಿ ಮುಗಿಸಿದ ಮೊದಲಿಗ ನಮ್ಮ ಬೆಳಗಾವಿಯವನು, ಫಡೆಪ್ಪ ದಾರೆಪ್ಪ ಚೌಗುಲೆ. 1920ರಲ್ಲಿ ಬೆಲ್ಜಿಯಂನ ಆಂಟ್ವರ್ಪ್‌ನಲ್ಲಿ ಆತ 2 ಗಂಟೆ 50 ನಿಮಿಷ 45 ಸೆಕೆಂಡಿನಲ್ಲಿ ಗುರಿ ಮುಟ್ಟಿ 19ನೆಯವನಾದ. ಆ ವರ್ಷದ ಓಟ ಈಗಿನದಕ್ಕಿಂತ ಅರ್ಧ ಕಿಲೋಮೀಟರಿಗೂ ಹೆಚ್ಚು ಉದ್ದವಾಗಿತ್ತು, 42.75 ಕಿಲೋಮೀಟರ್. ಒಲಿಂಪಿಕ್ಸ್ ಮ್ಯಾರಥಾನ್‌ಗಳಲ್ಲಿ ಅದೇ ಅತಿ ಉದ್ದದ್ದು.

ಆ ತಂಡ ಹುಟ್ಟಿದ ಬಗೆಯೂ ತಿಳಿಯಬೇಕಾದದ್ದು. ಪುಣೆಯ ಡೆಕ್ಕನ್ ಜಿಮ್ಖಾನಾದ ಕ್ರೀಡಾಕೂಟದಲ್ಲಿ ರೈತಾಪಿ ಯುವಕರು ಬರಿಗಾಲಿನಲ್ಲಿ ದೂರದ ಓಟ ಓಡುತ್ತಿದ್ದರು. ಅವರಿಗೆ ತರಬೇತಿ ಇಲ್ಲ, ನಿಯಮಗಳ ತಿಳುವಳಿಕೆಯೂ ಕಡಿಮೆ. ಅದನ್ನು ಕಂಡ ದೊರಾಬ್ಜಿ ಟಾಟಾ, ಇವರಲ್ಲಿ ಕೆಲವರ ವೇಗ ಯೂರೋಪಿನವರಿಗೆ ಬಹಳ ಹಿಂದೆ ಇಲ್ಲವೆಂದು ಗಮನಿಸಿ, ಭಾರತದ ಹೆಸರಿನಲ್ಲಿ ತಂಡ ಕಳಿಸಲು ಮುಂದಾದರು. ಒಲಿಂಪಿಕ್ಸ್‌ಗೆ ಹೋದ ಭಾರತದ ಮೊದಲ ತಂಡ ಅದೇ. ಹೊಲದಲ್ಲಿ ದುಡಿದು ಗಟ್ಟಿಯಾದ ಕಾಲುಗಳು ನಮ್ಮ ದೂರದ ಓಟಕ್ಕೆ ಅಡಿಪಾಯ ಹಾಕಿದವು ಎಂದರೆ ಉತ್ಪ್ರೇಕ್ಷೆಯಲ್ಲ.

ಆಮೇಲೆ ಬಂದವರಲ್ಲಿ ಬಿಹಾರದ ಸೈನಿಕ ಶಿವನಾಥ್ ಸಿಂಗ್ ಅವರ ಹೆಸರನ್ನು ಹೇಳಲೇಬೇಕು. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ 11ನೆಯ ಸ್ಥಾನ. 1978ರಲ್ಲಿ ಜಾಲಂಧರ್‌ನಲ್ಲಿ ಅವರು ಓಡಿದ 2 ಗಂಟೆ 12 ನಿಮಿಷದ ದಾಖಲೆಯನ್ನು ನಾಲ್ಕು ದಶಕಕ್ಕೂ ಹೆಚ್ಚು ಕಾಲ ಯಾವ ಭಾರತೀಯನೂ ಮುರಿಯಲಾಗಲಿಲ್ಲ. ಬರಿಗಾಲಿನ ಓಟಕ್ಕೆ ಹೆಸರಾಗಿದ್ದವರು ಅವರು. (ನೀವು ಮಾತ್ರ ಬರಿಗಾಲಿನಲ್ಲಿ ಹೊರಡಬೇಡಿ. ಜಾಲಿಮುಳ್ಳು ದಾಖಲೆ ನೋಡುವುದಿಲ್ಲ.)

ಯಾವಾಗ ಶುರು ಮಾಡುವುದು?

ಕಲಬುರಗಿಯಿಂದ ರೈಲು ನೇರವಾಗಿ ಹೋಗುವ ಊರುಗಳಲ್ಲಿ ಮುಂಬೈ ಒಂದು. ಅಲ್ಲಿನ ಮ್ಯಾರಥಾನ್ 2004ರಿಂದ ನಡೆದುಬಂದಿದೆ, ಸಾಮಾನ್ಯವಾಗಿ ಜನವರಿಯ ಮೂರನೆಯ ಭಾನುವಾರ. ಬೆಂಗಳೂರಿನಲ್ಲಿ 2008ರಿಂದ 10 ಕಿಲೋಮೀಟರಿನ ದೊಡ್ಡ ಓಟವಿದೆ. ಹೊಸಬರಿಗೆ ಮೊದಲ ಮೆಟ್ಟಿಲಾಗಿ ಈ ಹತ್ತು ಕಿಲೋಮೀಟರ್ ಒಳ್ಳೆಯದು. ಈವರೆಗೆ ಓಡಿಯೇ ಇಲ್ಲದವರು ಒಂದೇ ಸಲಕ್ಕೆ 42ಕ್ಕೆ ಕೈಹಾಕಬಾರದು. ಒಂದು ವರ್ಷ ಕೊಡಿ. ಮೊದಲು ಎರಡು ನಿಮಿಷ ಓಟ, ಎರಡು ನಿಮಿಷ ನಡಿಗೆ. ಆಮೇಲೆ ಐದು ಕಿಲೋಮೀಟರ್, ಹತ್ತು, ಇಪ್ಪತ್ತೊಂದು.

ಐದು ಕಿಲೋಮೀಟರ್ ಸಲೀಸಾಗಿ ಓಡಬಲ್ಲವರಾಗಿ, ಹಿಂದೆ ಒಂದೆರಡು ಇಪ್ಪತ್ತೊಂದು ಕಿಲೋಮೀಟರ್ ಓಟಗಳನ್ನೂ ಮುಗಿಸಿದವರಿಗೆ 18 ವಾರಗಳ ತಯಾರಿ ಸಾಕು. ಜನವರಿಯಿಂದ ಹಿಂದಕ್ಕೆ ಎಣಿಸಿದರೆ ಸೆಪ್ಟೆಂಬರ್ ಮಧ್ಯ. ನಮ್ಮ ಭಾಗಕ್ಕೆ ಇದು ವರವೇ. ಮೇ ತಿಂಗಳಲ್ಲಿ ನಲವತ್ತು ಡಿಗ್ರಿ ದಾಟುವ ಬಿಸಿಲಿನಲ್ಲಿ ಈ ತಯಾರಿ ಆಗುವ ಮಾತಲ್ಲ. ಅಕ್ಟೋಬರಿನಲ್ಲಿ ಮಳೆ ಹಿಂದೆ ಸರಿಯುತ್ತದೆ, ನವೆಂಬರಿಗೆ ಚಳಿ ಬರುತ್ತದೆ, ಬೆಳಗಿನ ಗಾಳಿ ಓಟಕ್ಕೆ ಹೇಳಿ ಮಾಡಿಸಿದಂತಿರುತ್ತದೆ.

ವಾರಕ್ಕೆ ನಾಲ್ಕು ದಿನ ಓಡಿ. ಮೂರು ದಿನ ಐದರಿಂದ ಹತ್ತು ಕಿಲೋಮೀಟರ್, ಒಂದು ದಿನ ಉದ್ದದ ಓಟ. ಈ ಉದ್ದದ ಓಟವೇ ತಯಾರಿಯ ಬೆನ್ನೆಲುಬು. ಮೊದಲ ವಾರ 8 ಕಿಲೋಮೀಟರ್ ಇದ್ದರೆ ವಾರಕ್ಕೆ ಎರಡರಂತೆ ಏರಿಸುತ್ತಾ ಹೋಗಿ, ಪ್ರತಿ ನಾಲ್ಕನೆಯ ವಾರ ಬೇಕೆಂದೇ ಇಳಿಸಿ. ಮೈ ಗಟ್ಟಿಯಾಗುವುದು ಓಡುವಾಗಲ್ಲ, ಓಡಿದ ಮೇಲೆ ಸಿಗುವ ವಿಶ್ರಾಂತಿಯಲ್ಲಿ. ಡಿಸೆಂಬರ್ ಮೊದಲ ವಾರಗಳಲ್ಲಿ 26, 28 ಆಗಿ, ಕ್ರಿಸ್ತಜಯಂತಿಯ ಮರುದಿನಗಳಲ್ಲಿ 30ರಿಂದ 32ಕ್ಕೆ ಮುಟ್ಟಿದರೆ ಮುಗಿಯಿತು. ಅಭ್ಯಾಸದಲ್ಲಿ ಪೂರ್ತಿ 42 ಓಡಬೇಕಾಗಿಲ್ಲ. ಕೊನೆಯ ಮೂರು ವಾರ ದೂರವನ್ನು ತಗ್ಗಿಸುತ್ತಾ ಬನ್ನಿ. ಆಗ ಕಾಲು ಸುಮ್ಮನಿರದೆ ಇನ್ನೂ ಓಡಬೇಕೆನ್ನುತ್ತದೆ, ಕೇಳಬೇಡಿ. ಕ್ರಿಸ್ತಜಯಂತಿಯ ಕೇಕು ಕುಸ್ವಾರ್ ಬಗ್ಗೆ ಹೆದರುವುದೂ ಬೇಡ, 30 ಕಿಲೋಮೀಟರ್ ಓಡಿದವನಿಗೆ ಅದು ದಕ್ಕುತ್ತದೆ.

ಹೊಸಬರ ಒಂದೇ ತಪ್ಪು ಎಂದರೆ ಅವಸರ. ಯಾವ ವೇಗದಲ್ಲಿ ಓಡಬೇಕೆಂದು ತಿಳಿಯಲು ಗಡಿಯಾರ ಬೇಕಿಲ್ಲ, ನಿಮ್ಮ ಬಾಯಿಯೇ ಸಾಕು. ಓಡುತ್ತಾ ಹಾಡಲು ಬಂದರೆ ಬಹಳ ಹಗುರದ ಓಟ. ಹಾಡಲಾಗದು, ಆದರೆ ಜೊತೆಗಾರನೊಂದಿಗೆ ಪೂರ್ತಿ ವಾಕ್ಯ ಮಾತನಾಡಬಹುದು ಎಂದಾದರೆ ಅದೇ ಉದ್ದದ ಓಟದ ವೇಗ. ಒಂದೊಂದೇ ಶಬ್ದ ಹೊರಡುತ್ತಿದ್ದರೆ ನಿಧಾನಿಸಿ.

ನಲವತ್ತು ದಾಟಿದವರು, ಬಿಪಿ ಸಕ್ಕರೆಕಾಯಿಲೆ ಇರುವವರು, ಮನೆಯಲ್ಲಿ ಚಿಕ್ಕ ವಯಸ್ಸಿಗೆ ಹೃದಯಾಘಾತವಾದ ಇತಿಹಾಸ ಇರುವವರು ವೈದ್ಯರಿಗೆ ತೋರಿಸಿಕೊಳ್ಳದೆ ಶುರು ಮಾಡಬೇಡಿ. ಓಡುವಾಗ ಎದೆ ಬಿಗಿದರೆ, ಕಣ್ಣು ಕತ್ತಲಿಟ್ಟರೆ ಅಲ್ಲಿಗೇ ನಿಲ್ಲಿಸಿ. ಇದರಲ್ಲಿ ವೀರತನ ತೋರಿಸುವಂಥದ್ದು ಏನೂ ಇಲ್ಲ.

ಹಂತಿಯ ಹಾಡು

ಈಗ ಹಾಡಿನ ವಿಷಯಕ್ಕೆ ಬರೋಣ. ಓಡುವವರು ಕಿವಿಗೆ ಹಾಡು ಹಾಕಿಕೊಳ್ಳುವುದನ್ನು ಕಂಡು ಹಿರಿಯರು ಮೂಗು ಮುರಿಯುತ್ತಾರೆ. ಆದರೆ ದಣಿವನ್ನು ಹಾಡಿನಿಂದ ಮರೆಸುವ ವಿದ್ಯೆಯನ್ನು ನಮ್ಮ ಹಿರಿಯರಿಗಿಂತ ಚೆನ್ನಾಗಿ ಬಲ್ಲವರು ಯಾರು?

ಹಿಂದೆ ಸುಗ್ಗಿಯಲ್ಲಿ ಕಣದ ನಡುವೆ ಮೇಟಿ ನೆಟ್ಟು, ಎತ್ತುಗಳನ್ನು ಸಾಲಾಗಿ ಕಟ್ಟಿ, ತೆನೆಯ ಮೇಲೆ ಸುತ್ತು ಹೊಡೆಯುತ್ತಿದ್ದರು. ಇದೇ ಹಂತಿ. ರಾತ್ರಿಯಿಡೀ ಅದೇ ಸುತ್ತು, ಅದೇ ಕಂಬ. ಎತ್ತಿಗೂ ಬೇಸರ, ಹೊಡೆಯುವವನಿಗೂ ಜೊಂಪು. ಆಗ ಒಬ್ಬ ಹಂತಿಯ ಪದ ಎತ್ತಿಕೊಳ್ಳುತ್ತಿದ್ದ, ಮಿಕ್ಕವರು ಸೊಲ್ಲು ಹಿಡಿಯುತ್ತಿದ್ದರು. ಹಾಡಿನ ಓಟಕ್ಕೆ ಹೆಜ್ಜೆ, ಹೆಜ್ಜೆಯ ಓಟಕ್ಕೆ ಹಾಡು. ಬೆಳಗಾಗುವಷ್ಟರಲ್ಲಿ ರಾಶಿ ಬಿದ್ದಿರುತ್ತಿತ್ತು. ಯಂತ್ರ ಬಂದ ಮೇಲೆ ಆ ಹಾಡು ಬಹುಮಟ್ಟಿಗೆ ನಿಂತಿದೆ. ಬೀಸುವ ಕಲ್ಲಿನ ಮುಂದೆ ಕುಳಿತ ನಮ್ಮ ಅವ್ವಂದಿರ ಪದಗಳದ್ದೂ ಇದೇ ಕಥೆ. ಪಂಢರಪುರಕ್ಕೆ ನಡೆಯುವ ವಾರಕರಿಗಳನ್ನು, ಶ್ರೀಶೈಲಕ್ಕೆ ಪಾದಯಾತ್ರೆ ಹೋಗುವ ನೆರೆಹೊರೆಯವರನ್ನು ನೀವು ನೋಡಿರುತ್ತೀರಿ. ತಾಳ ಇಲ್ಲದೆ ಆ ದಾರಿ ಸಾಗುವುದೇ ಇಲ್ಲ.

ಇದನ್ನೇ ವಿಜ್ಞಾನಿಗಳು ಅಳೆದು ನೋಡಿದ್ದಾರೆ. ಲಂಡನ್ನಿನ ಬ್ರೂನೆಲ್ ವಿಶ್ವವಿದ್ಯಾಲಯದ ಕೋಸ್ತಾಸ್ ಕರಗೆಯೋರ್ಗಿಸ್ ದಶಕಗಳ ಕಾಲ ಈ ವಿಷಯವನ್ನು ಅಭ್ಯಾಸ ಮಾಡಿದವರು. ಹದವಾದ ಶ್ರಮದಲ್ಲಿ ತಕ್ಕ ಸಂಗೀತವಿದ್ದರೆ ದಣಿವಿನ ಅನಿಸಿಕೆ ಸುಮಾರು ಶೇಕಡಾ 10ರಷ್ಟು ತಗ್ಗುತ್ತದೆ ಎಂಬುದು ಅವರ ಕೆಲಸದಿಂದ ಹೊರಬಿದ್ದ ಮಾತು. ಗಮನಿಸಿ, ತಗ್ಗುವುದು ಅನಿಸಿಕೆ, ದಣಿವಲ್ಲ. ನಿಮಿಷಕ್ಕೆ 120ರಿಂದ 140 ಪೆಟ್ಟಿನ ಲಯದ ಹಾಡುಗಳು ಹೆಚ್ಚಿನವರಿಗೆ ಒಗ್ಗುತ್ತವೆ. ಶ್ರಮ ತೀರಾ ಹೆಚ್ಚಾದಾಗ, ಉಸಿರು ಕಟ್ಟುವಷ್ಟು ಓಡುವಾಗ, ಹಾಡಿನ ಪ್ರಭಾವ ಕುಗ್ಗುತ್ತದೆ. ಆಗ ಮೈಯ ಕೂಗೇ ಜೋರು.

ಇಥಿಯೋಪಿಯಾದ ಹೈಲೆ ಗೆಬ್ರಸೆಲಾಸಿ 1998ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಒಳಾಂಗಣದ 2000 ಮೀಟರ್ ಓಟದ ವಿಶ್ವದಾಖಲೆ ಮಾಡಿದಾಗ ಕ್ರೀಡಾಂಗಣದ ಧ್ವನಿವರ್ಧಕದಲ್ಲಿ ಅವರಿಗೆ ಪ್ರಿಯವಾದ 'ಸ್ಕ್ಯಾಟ್‌ಮನ್' ಎಂಬ ಹಾಡು ಮೊಳಗುತ್ತಿತ್ತು. ಆ ಹಾಡಿನ ಲಯ ತಮ್ಮ ಹೆಜ್ಜೆಗೆ ಸರಿಹೊಂದುತ್ತದೆಂದು ಅವರೇ ಅದನ್ನು ಆರಿಸಿಕೊಂಡಿದ್ದರು.

ಆದರೆ ಹಾಡು ಮೋಸವನ್ನೂ ಮಾಡುತ್ತದೆ. ನಾನು ಮೊದಲ ಸಲ ಇಪ್ಪತ್ತೊಂದು ಕಿಲೋಮೀಟರ್ ಓಡಲು ನಿಂತಾಗ ಆರಂಭದ ಗೆರೆಯ ಬಳಿ ಡೊಳ್ಳು, ದೊಡ್ಡ ಸ್ಪೀಕರು, ಸಿನಿಮಾ ಹಾಡು ಎಲ್ಲವೂ ಇದ್ದವು. ರಕ್ತ ಕುದಿಯಿತು. ಮೊದಲ ಐದು ಕಿಲೋಮೀಟರ್ ನನ್ನ ಶಕ್ತಿಗೆ ಮೀರಿ ಓಡಿದೆ. ಹದಿನೇಳಕ್ಕೆ ಬರುವಷ್ಟರಲ್ಲಿ ಕಾಲು ಮರದ ಕೊರಡು. ಉಳಿದ ದಾರಿಯನ್ನು ಕುಂಟುತ್ತಾ ನಡೆದೆ. ನನ್ನನ್ನು ದಾಟಿ ಹೋದವರಲ್ಲಿ ನನ್ನ ತಂದೆಯ ವಯಸ್ಸಿನವರೂ ಇದ್ದರು. ಡೊಳ್ಳು ಬಾರಿಸಿದವರ ಮೇಲೆ ತಪ್ಪು ಹೊರಿಸುವಂತಿಲ್ಲ.

ಆದ್ದರಿಂದ ಉದ್ದದ ಓಟದ ಮೊದಲ ಅರ್ಧಕ್ಕೆ ನಿಧಾನದ ಹಾಡುಗಳಿರಲಿ, ಇಲ್ಲವೇ ಹಾಡೇ ಬೇಡ. ಚುರುಕು ಹಾಡುಗಳನ್ನು ಕೊನೆಗೆ ಉಳಿಸಿಕೊಳ್ಳಿ. ವಾರದಲ್ಲಿ ಒಂದು ದಿನವಾದರೂ ಏನೂ ಕೇಳದೆ ಓಡಿ, ನಿಮ್ಮ ಉಸಿರಿನ ಸದ್ದು ನಿಮಗೆ ಪರಿಚಯವಾಗಲಿ. ಸ್ಪರ್ಧೆಯ ದಿನ ಇಯರ್‌ಫೋನ್ ಸಿಗದೇ ಇರಬಹುದು. ಪದಕಕ್ಕೆ ಓಡುವವರಿಗೆ ವಿಶ್ವ ಅಥ್ಲೆಟಿಕ್ಸ್ ನಿಯಮದಲ್ಲೇ ಅದು ನಿಷಿದ್ಧ. ಸಾಮಾನ್ಯ ಓಟಗಾರರಿಗೆ ಒಂದೊಂದು ಕಡೆ ಒಂದೊಂದು ನಿಯಮ. ಹೆಸರು ಕೊಡುವಾಗಲೇ ನೋಡಿಕೊಳ್ಳಿ.

ಭೂಸನೂರಿನ ಭಾಗದಲ್ಲಿ ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಕಾರ್ಖಾನೆಗೆ ಕಬ್ಬು ಸಾಗುವ ತಿಂಗಳುಗಳೇ ನಿಮ್ಮ ತಯಾರಿಯ ತಿಂಗಳುಗಳೂ ಹೌದು. ಕತ್ತಲಲ್ಲಿ ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು ಬರುತ್ತವೆ, ಹಲವಕ್ಕೆ ಹಿಂದೆ ದೀಪವೇ ಇರುವುದಿಲ್ಲ. ಮೇಲಾಗಿ ಡ್ರೈವರು ತನ್ನದೇ ಹಾಡನ್ನು ಗಟ್ಟಿಯಾಗಿ ಹಾಕಿಕೊಂಡಿರುತ್ತಾನೆ. ಅವನ ಕಿವಿಗೂ ನೀವಿಲ್ಲ, ನಿಮ್ಮ ಕಿವಿಗೂ ಅವನಿಲ್ಲ. ರಸ್ತೆಯ ಮೇಲೆ ಎರಡೂ ಕಿವಿ ಮುಚ್ಚಿಕೊಂಡು ಓಡುವುದು ಬೇಡವೇ ಬೇಡ. ಬಲಬದಿಗೆ, ಎದುರು ಬರುವ ವಾಹನ ಕಾಣುವಂತೆ ಓಡಿ. ಬಿಳಿ ಅಂಗಿ ತೊಡಿ. ಹಾಡು ಬೇಕೆಂದರೆ ಶಾಲೆಯ ಮೈದಾನಕ್ಕೆ ಹೋಗಿ, ಇಲ್ಲವೇ ಬಾಯಿಂದಲೇ ಹಾಡಿಕೊಳ್ಳಿ.

ಮೂವತ್ತರ ನಂತರದ ಗೋಡೆ

ಓಟಗಾರರು 'ಗೋಡೆ' ಎಂಬ ಮಾತು ಬಳಸುತ್ತಾರೆ. ಸುಮಾರು 30 ಕಿಲೋಮೀಟರ್ ಕಳೆದ ಮೇಲೆ ಇದ್ದಕ್ಕಿದ್ದಂತೆ ಕಾಲು ಏಳುವುದಿಲ್ಲ, ತಲೆ ಮಂಕಾಗುತ್ತದೆ, ಅಳು ಬಂದಂತಾಗುತ್ತದೆ. ಇದು ಮನಸ್ಸಿನ ದೌರ್ಬಲ್ಯವಲ್ಲ. ಸ್ನಾಯು ಮತ್ತು ಯಕೃತ್ತಿನಲ್ಲಿ ಕೂಡಿಟ್ಟ ಸಕ್ಕರೆಯ ಅಂಶ ಅಲ್ಲಿಗೆ ಬರಿದಾಗುತ್ತದೆ. ಕೊಬ್ಬು ಎಷ್ಟಿದ್ದರೂ ಅದು ನಿಧಾನವಾಗಿ ಉರಿಯುವ ಕಟ್ಟಿಗೆ. ಆದ್ದರಿಂದ ಗೋಡೆಯ ವಿರುದ್ಧ ಮೊದಲ ಮದ್ದು ಹೊಟ್ಟೆಗೇ. ಓಟದುದ್ದಕ್ಕೂ ಗಂಟೆಗೆ 30ರಿಂದ 60 ಗ್ರಾಂನಷ್ಟು ಪಿಷ್ಟ-ಸಕ್ಕರೆ ಒಳಗೆ ಹೋಗುತ್ತಿರಬೇಕು. ಒಂದು ಬಾಳೆಹಣ್ಣಿನಲ್ಲಿ ಸುಮಾರು 25 ಗ್ರಾಂ ಇರುತ್ತದೆ. ಖರ್ಜೂರ, ಬೆಲ್ಲದ ತುಣುಕು ಆದೀತು. ಅಭ್ಯಾಸದ ಓಟದಲ್ಲೇ ತಿಂದು ನೋಡಿ, ಸ್ಪರ್ಧೆಯ ದಿನ ಹೊಸದನ್ನು ಬಾಯಿಗೆ ಹಾಕಬೇಡಿ.

ದಿನನಿತ್ಯಕ್ಕೆ ನಮ್ಮ ಜೋಳದ ರೊಟ್ಟಿ, ತೊಗರಿಬೇಳೆ, ಶೇಂಗಾ ಹಿಂಡಿ, ಮೊಸರಿಗಿಂತ ಒಳ್ಳೆಯ ಓಟಗಾರರ ಊಟವನ್ನು ನಾನು ಕಂಡಿಲ್ಲ. ಆದರೆ ಓಟದ ಹಿಂದಿನ ರಾತ್ರಿ ಮಾತ್ರ ರೊಟ್ಟಿ, ಕಾಳುಪಲ್ಯ ಬಿಟ್ಟು ಅನ್ನ, ತಿಳಿ ಬೇಳೆಸಾರು ಸಾಕು. ನಾರಿನ ಅಂಶ ಹೆಚ್ಚಿದ್ದರೆ ಮುಂಜಾನೆ ದಾರಿಯಲ್ಲಿ ಎಲ್ಲಿ ಹೋಗುವಿರಿ?

ನೀರಿನ ವಿಷಯದಲ್ಲಿ ಎರಡು ಕಡೆಗೂ ತಪ್ಪುತ್ತಾರೆ. ಕಡಿಮೆ ಕುಡಿದರೆ ಬಿಸಿಲು ಹೊಡೆಯುತ್ತದೆ. ಹೆದರಿ ಹೆದರಿ ಬರೀ ನೀರನ್ನೇ ಸುರಿದುಕೊಂಡರೆ ರಕ್ತದಲ್ಲಿನ ಸೋಡಿಯಂ ತಗ್ಗಿ ಪ್ರಾಣಕ್ಕೇ ಸಂಚಕಾರ. 2002ರ ಬಾಸ್ಟನ್ ಮ್ಯಾರಥಾನ್‌ನಲ್ಲಿ 488 ಓಟಗಾರರ ರಕ್ತ ಪರೀಕ್ಷಿಸಿದಾಗ ಶೇಕಡಾ 13 ಮಂದಿಯಲ್ಲಿ ಸೋಡಿಯಂ ಕಡಿಮೆಯಾಗಿತ್ತು. ಬಾಯಾರಿದಾಗ ಗುಟುಕು ಗುಟುಕಾಗಿ ಕುಡಿಯಿರಿ. ನಡುನಡುವೆ ಓಆರ್‌ಎಸ್ ಇರಲಿ. ಪ್ಯಾಕೆಟ್ ಇಲ್ಲವೆಂದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮ ಚಹಾಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ನೋವಿನ ಮಾತ್ರೆ ನುಂಗಿ ಓಡುವ ಚಾಳಿ ಕೆಲವರಿಗಿದೆ, ಅದು ಮೂತ್ರಪಿಂಡಕ್ಕೆ ಅಪಾಯ.

ಹೊಟ್ಟೆಗೆ ಕೊಟ್ಟಾಯಿತು. ಮನಸ್ಸಿಗೆ?

1977ರಲ್ಲಿ ವಿಲಿಯಂ ಮಾರ್ಗನ್ ಮತ್ತು ಮೈಕಲ್ ಪೊಲಾಕ್ ಎಂಬ ಇಬ್ಬರು ಅಮೆರಿಕದ ಸಂಶೋಧಕರು ಒಂದು ಕುತೂಹಲದ ಸಂಗತಿ ಪ್ರಕಟಿಸಿದರು. ಸಾಧಾರಣ ಓಟಗಾರರು ನೋವನ್ನು ಮರೆಯಲು ಬೇರೆ ಏನನ್ನೋ ಯೋಚಿಸುತ್ತಾರೆ. ಮನೆ ಕಟ್ಟುತ್ತಾರೆ, ಲೆಕ್ಕ ಹಾಕುತ್ತಾರೆ. ಆದರೆ ಅಗ್ರ ಓಟಗಾರರು ತಮ್ಮ ಮೈಯ ಮಾತಿಗೇ ಕಿವಿಗೊಟ್ಟಿರುತ್ತಾರೆ. ಉಸಿರು ಹೇಗಿದೆ, ಭುಜ ಬಿಗಿದಿದೆಯೇ, ಹೆಜ್ಜೆ ಹಗುರವೇ ಎಂದು ನೋಡುತ್ತಲೇ ಇರುತ್ತಾರೆ. ನಮಗೆ ಎರಡೂ ಬೇಕು. ಬೇಸರದ ಮಧ್ಯಭಾಗದಲ್ಲಿ ಹಾಡೋ ಹರಟೆಯೋ ಇರಲಿ. ಮೂವತ್ತರ ನಂತರ ಮೈಯೊಂದಿಗೆ ಮಾತು.

ಆ ಮಾತು ಎಂಥದ್ದು ಎಂಬುದೂ ಮುಖ್ಯ. "ನನ್ನ ಕೈಲಾಗದು" ಎಂಬುದು ತಾನಾಗಿಯೇ ಬರುತ್ತದೆ, ಅದಕ್ಕೆ ಉತ್ತರವನ್ನು ಮೊದಲೇ ಸಿದ್ಧಮಾಡಿ ಇಟ್ಟುಕೊಳ್ಳಬೇಕು. 2014ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ತಮಗೆ ತಾವೇ ಹೇಳಿಕೊಳ್ಳುವ ಹುರುಪಿನ ಮಾತುಗಳನ್ನು ಎರಡು ವಾರ ಅಭ್ಯಾಸ ಮಾಡಿದವರು ದಣಿದು ಬೀಳುವ ಮುನ್ನ ಮೊದಲಿಗಿಂತ ಶೇಕಡಾ 18ರಷ್ಟು ಹೆಚ್ಚು ಹೊತ್ತು ಸೈಕಲ್ ತುಳಿದರು. ನಿಮ್ಮ ಮಾತನ್ನು ನೀವೇ ಆರಿಸಿಕೊಳ್ಳಿ, ಮನೆಯ ಭಾಷೆಯಲ್ಲಿರಲಿ. "ಆ ಜಾಲಿಮರದ ತನಕ" ಎನ್ನುವುದು ನನ್ನದು. ಮರ ಬಂದ ಮೇಲೆ ಇನ್ನೊಂದು ಮರ.

ಎಣಿಸುವುದೂ ಒಂದು ಉಪಾಯ. 2003ರಲ್ಲಿ ಲಂಡನ್ನಿನಲ್ಲಿ 2 ಗಂಟೆ 15 ನಿಮಿಷ 25 ಸೆಕೆಂಡಿನಲ್ಲಿ ಓಡಿದ ಪೌಲಾ ರ‍್ಯಾಡ್‌ಕ್ಲಿಫ್, ನೂರರವರೆಗೆ ಮೂರು ಸಲ ಎಣಿಸಿದರೆ ಒಂದು ಮೈಲಿ ಮುಗಿಯುತ್ತದೆಂದು ಹೇಳಿದ್ದುಂಟು. ನಮಗೆ ಎಣಿಕೆ ಕಲಿಸುವವರು ಬೇಕೆ? ಜಪಸರದ ಹತ್ತು ಹತ್ತು ಮಣಿ ನಮ್ಮ ಬೆರಳಿಗೇ ಗೊತ್ತು. ಉದ್ದದ ಓಟದಲ್ಲಿ ಬೆರಳೆಣಿಸಿ ಜಪಸರ ಹೇಳಿಕೊಳ್ಳುವವರು ಉಂಟು, ಒಂದೊಂದು ದಶಕವನ್ನು ಒಬ್ಬೊಬ್ಬರಿಗೆ ಒಪ್ಪಿಸುತ್ತಾರೆ. ಹಾಸಿಗೆ ಹಿಡಿದ ಅಜ್ಜಿಗೆ ಒಂದು, ಕೆಲಸಕ್ಕೆಂದು ಪುಣೆಗೆ ಹೋದ ಅಣ್ಣನಿಗೆ ಒಂದು. ಒಳ್ಳೆಯದೇ. ಆದರೆ ಪ್ರಾರ್ಥನೆಯನ್ನು ವೇಗ ಅಳೆಯುವ ಗಡಿಯಾರ ಮಾಡಿಕೊಳ್ಳುವುದು ನನಗೆ ಹಿಡಿಸುವುದಿಲ್ಲ. ಉಸಿರು ಸಾಲದೆ ಶಬ್ದ ನುಂಗುವಂತಾದರೆ ಪ್ರಾರ್ಥನೆ ನಿಲ್ಲಿಸಿ, ಹೆಜ್ಜೆಯನ್ನೇ ಎಣಿಸಿ.

ಹಿಬ್ರಿಯರಿಗೆ ಬರೆದ ಪತ್ರದ 12ನೆಯ ಅಧ್ಯಾಯದ ಆರಂಭದಲ್ಲಿ ಓಟದ ಸುತ್ತ ನೆರೆದ ಸಾಕ್ಷಿಗಳ ದೊಡ್ಡ ಗುಂಪಿನ ಚಿತ್ರವಿದೆ. 35ನೆಯ ಕಿಲೋಮೀಟರಿನಲ್ಲಿ ಪರಿಚಯವೇ ಇಲ್ಲದ ಮುದುಕಿಯೊಬ್ಬಳು ಕಿತ್ತಳೆ ತೊಳೆ ಕೈಗಿಟ್ಟು ಹರಸುವಾಗ ಆ ಚಿತ್ರ ಅರ್ಥವಾಗುತ್ತದೆ. ಆದ್ದರಿಂದ ಮನೆಯವರೇ, ಆರಂಭದ ಗೆರೆಯಲ್ಲಿ ಫೋಟೋ ತೆಗೆಯುವುದಕ್ಕಿಂತ ಮೂವತ್ತರ ನಂತರ ಎಲ್ಲಾದರೂ ನಿಲ್ಲಿ. ಅಲ್ಲಿ ಯಾರೂ ಇರುವುದಿಲ್ಲ.

ಹೆಣ್ಣುಮಕ್ಕಳ ಓಟ

ಈವರೆಗೆ ಬರೆದದ್ದನ್ನು ಹುಡುಗರಿಗೆ ಮಾತ್ರ ಎಂದು ಓದಿಕೊಂಡಿದ್ದರೆ ದಯವಿಟ್ಟು ತಿದ್ದಿಕೊಳ್ಳಿ. ಹೆಂಗಸರ ಮೈಗೆ ಈ ದೂರ ತಡೆಯದೆಂದು ದೊಡ್ಡ ದೊಡ್ಡವರೇ ನಂಬಿದ್ದ ಕಾಲವಿತ್ತು. 1967ರಲ್ಲಿ ಬಾಸ್ಟನ್ನಿನಲ್ಲಿ ಕ್ಯಾಥರಿನ್ ಸ್ವಿಟ್ಜರ್ ಓಡುತ್ತಿದ್ದಾಗ ಅಧಿಕಾರಿಯೊಬ್ಬ ದಾರಿಯಲ್ಲೇ ಹಿಡಿದು ಹೊರಗೆಳೆಯಲು ನೋಡಿದ. ಆಕೆ ಓಟ ಮುಗಿಸಿದರು. ಒಲಿಂಪಿಕ್ಸ್‌ನಲ್ಲಿ ಮಹಿಳೆಯರ ಮ್ಯಾರಥಾನ್ ಸೇರಿದ್ದು 1984ರಲ್ಲಿ, ಗಂಡಸರಿಗಿಂತ 88 ವರ್ಷ ತಡವಾಗಿ.

ಹಳ್ಳಿಯಲ್ಲಿ ಹುಡುಗಿ ನಸುಕಿಗೆ ರಸ್ತೆಯಲ್ಲಿ ಓಡಿದರೆ ಜನ ಏನಂದಾರು ಎಂಬ ಅಳುಕು ತಾಯ್ತಂದೆಯರಿಗೆ ಇರುತ್ತದೆ. ಅಳುಕನ್ನು ನಾನು ಹೀಗಳೆಯುವುದಿಲ್ಲ. ಆದರೆ ಅದಕ್ಕೆ ದಾರಿಗಳಿವೆ. ಮೂವರು ನಾಲ್ವರು ಗೆಳತಿಯರು ಕೂಡಿ ಓಡಲಿ. ತಮ್ಮನೋ ಅಪ್ಪನೋ ಹಿಂದೆ ಸೈಕಲ್ ಮೇಲೆ ಬರಲಿ. ಮೈದಾನಕ್ಕೆ ಗುರುಗಳ, ಮಾಸ್ತರರ ಅನುಮತಿ ಕೇಳಿ. ಒಂದು ತಿಂಗಳು ಜನ ನೋಡುತ್ತಾರೆ, ಎರಡನೆಯ ತಿಂಗಳು ಅದೇ ಸಮಯಕ್ಕೆ ಗಡಿಯಾರ ಸರಿಮಾಡಿಕೊಳ್ಳುತ್ತಾರೆ. ಒಂದು ಎಚ್ಚರ: ನಮ್ಮ ಹೆಣ್ಣುಮಕ್ಕಳಲ್ಲಿ ರಕ್ತಹೀನತೆ ಸಾಮಾನ್ಯ. ತಯಾರಿಗೆ ಮುನ್ನ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಆಕೆ ಬೇಗ ದಣಿಯುತ್ತಿದ್ದರೆ ಅದು ಸೋಮಾರಿತನವಲ್ಲ, ಕಬ್ಬಿಣಾಂಶದ ಕೊರತೆ ಇದ್ದೀತು.

ಭಾನುವಾರದ ಪ್ರಶ್ನೆ

ಬಹುತೇಕ ಎಲ್ಲ ಮ್ಯಾರಥಾನ್‌ಗಳೂ ಭಾನುವಾರ ಬೆಳಿಗ್ಗೆಯೇ. "ಪೂಜೆ ತಪ್ಪಿಸಿ ಓಡುವುದೇ?" ಎಂದು ಮನೆಯಲ್ಲಿ ಜಗಳ ಆಗುವ ಮುನ್ನ ತಿಳಿದಿರಲಿ: ಶನಿವಾರ ಸಂಜೆಯ ಬಲಿಪೂಜೆಯಲ್ಲಿ ಪಾಲ್ಗೊಂಡರೆ ಭಾನುವಾರದ ಕರ್ತವ್ಯ ನೆರವೇರುತ್ತದೆಂದು ಧರ್ಮಸಭೆಯ ಕಾನೂನೇ ಹೇಳುತ್ತದೆ. ಮುಂಬೈಯಲ್ಲಿ ದೇವಾಲಯಗಳಿಗೆ ಕೊರತೆ ಇಲ್ಲ, ಸಮಯ ಮೊದಲೇ ವಿಚಾರಿಸಿ. ಇನ್ನು ಅಭ್ಯಾಸದ ಉದ್ದದ ಓಟವನ್ನು ಭಾನುವಾರಕ್ಕೇ ಇಡಬೇಕೆಂಬ ಶಾಸ್ತ್ರವಿಲ್ಲ. ಶನಿವಾರ ಮುಗಿಸಿದರೆ ಭಾನುವಾರ ಪೂಜೆಗೆ, ಮನೆಗೆ, ನಿದ್ದೆಗೆ ಉಳಿಯುತ್ತದೆ. ಬೂದಿ ಬುಧವಾರ, ಶುಭ ಶುಕ್ರವಾರದ ಉಪವಾಸದ ದಿನಗಳಲ್ಲಿ ದೂರದ ಓಟ ಇಟ್ಟುಕೊಳ್ಳಬೇಡಿ. ಎರಡನ್ನೂ ಕೂಡಿಸಿ ಬವಳಿ ಬಂದು ಬಿದ್ದರೆ ತಪಸ್ಸೂ ಅಲ್ಲ, ಓಟವೂ ಅಲ್ಲ. ವ್ಯಾಟಿಕನ್ನಿನಲ್ಲೂ 2019ರಲ್ಲಿ 'ಅಥ್ಲೆಟಿಕಾ ವ್ಯಾಟಿಕಾನಾ' ಎಂಬ ಓಟಗಾರರ ಸಂಘ ಆರಂಭವಾಗಿದೆ, ಗುರುಗಳು, ಸ್ವಿಸ್ ಕಾವಲುಗಾರರು, ಸಿಬ್ಬಂದಿ ಎಲ್ಲ ಅದರಲ್ಲಿದ್ದಾರೆ. ಅವರಿಗೂ ಭಾನುವಾರದ ಪ್ರಶ್ನೆ ಇದ್ದೇ ಇರುತ್ತದೆ.

ಓಟ ಮುಗಿದೊಡನೆ ಕೂತುಬಿಡಬೇಡಿ. ಹತ್ತು ಹದಿನೈದು ನಿಮಿಷ ನಡೆಯಿರಿ, ಒದ್ದೆ ಅಂಗಿ ಬದಲಿಸಿ, ಉಪ್ಪು ಬೆರೆತದ್ದೇನಾದರೂ ತಿನ್ನಿ. ರೈಲಿನಲ್ಲಿ ಕೆಳಗಿನ ಬರ್ತ್ ಸಿಕ್ಕರೆ ಪುಣ್ಯ. ಎರಡನೆಯ ದಿನ ನೋವು ಮೊದಲ ದಿನಕ್ಕಿಂತ ಹೆಚ್ಚಿರುತ್ತದೆ, ಗಾಬರಿ ಬೇಡ. ಮೆಟ್ಟಿಲನ್ನು ಬೆನ್ನು ತಿರುಗಿಸಿ ಇಳಿಯಬೇಕಾಗಬಹುದು, ಮನೆಯವರು ನಗುತ್ತಾರೆ, ನಗಲಿ. ಒಂದು ವಾರ ಓಡಬೇಡಿ, ನಡೆದರೆ ಸಾಕು. ಎರಡನೆಯ ವಾರ ಐದು ಕಿಲೋಮೀಟರ್, ಹಾಡು ಹೇಳಿಕೊಳ್ಳುವಷ್ಟು ನಿಧಾನಕ್ಕೆ. ಅಷ್ಟು ಹೊತ್ತಿಗೆ ಹೊಲದಲ್ಲಿ ತೊಗರಿಯ ರಾಶಿ ಮುಗಿದಿರುತ್ತದೆ, ಮನೆಯಲ್ಲಿ ನಾಲ್ಕು ತಿಂಗಳಿಂದ ಬಾಕಿ ಉಳಿದ ಕೆಲಸಗಳ ಪಟ್ಟಿಯೂ ಸಿದ್ಧವಾಗಿರುತ್ತದೆ.